ಟಾಪ್ ಮಡಚುವ ಶೆವೆಲ್‌ಗೆ ತಣ್ಣನೆಯ ಗಾಳಿ: 1968–72ರ ಮಸಲ್ ಕಾರಿನಲ್ಲಿ ಎಸಿ ಮತ್ತೆ ಕಟ್ಟುವ ಕ್ರಮ

ಕಂಪ್ರೆಸರ್ ಹೊಸದು, ಗ್ಯಾಸ್ ಅಳತೆಗೆ ಸರಿಯಾಗಿದೆ, ಡ್ಯಾಶಿನ ಜಾಲರಿಗೆ ಕೈ ಹಿಡಿದರೆ ಗಾಳಿಯೂ ತಣ್ಣಗಿದೆ. ಆದರೂ ಒಳಗೆ ಕೂತವರು ಬೆವರುತ್ತಾರೆ. ಟಾಪ್ ಮಡಚುವ ಹಳೆಯ ಕನ್ವರ್ಟಿಬಲ್ ಮಸಲ್ ಕಾರುಗಳಲ್ಲಿ (ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರುಗಳಲ್ಲಿ) ಇದು ತೀರಾ ಸಾಮಾನ್ಯ ದೂರು. ತಪ್ಪು ಬಹುಪಾಲು ಎಸಿಯದ್ದಾಗಿರುವುದಿಲ್ಲ. ಗಾಜಿನ ಬೀಡಿಂಗ್ ಸಂದಿಯಿಂದ ಬಿಸಿಗಾಳಿ ನುಗ್ಗುತ್ತಿರುತ್ತದೆ, ಸೈಲೆನ್ಸರ್ ಪೈಪಿನ ಶಾಖಕ್ಕೆ ಕಾಲಡಿಯ ತಗಡು ಕಾದಿರುತ್ತದೆ, ಮುಚ್ಚಬೇಕಾದ ಹೀಟರ್ ವಾಲ್ವ್‌ನಲ್ಲಿ ಬಿಸಿನೀರು ಹರಿಯುತ್ತಲೇ ಇರುತ್ತದೆ. ಆದ್ದರಿಂದ ಕನ್ವರ್ಟಿಬಲ್‌ನಲ್ಲಿ ಎಸಿ ಕೆಲಸ ತಗಡಿನಿಂದ ಮತ್ತು ರಬ್ಬರಿನಿಂದ ಶುರುವಾಗಬೇಕು, ಗ್ಯಾಸ್ ತುಂಬುವುದು ಕೊನೆಯ ಕೆಲಸವಾಗಬೇಕು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 1968ರಿಂದ 1972ರವರೆಗಿನ ಶೆವ್ರೊಲೆ ಶೆವೆಲ್. ಪಾಂಟಿಯಾಕ್ ಜಿಟಿಒ, ಓಲ್ಡ್ಸ್‌ಮೊಬೈಲ್ 442, ಬ್ಯೂಕ್ ಜಿಎಸ್ ಕೂಡ ಜನರಲ್ ಮೋಟರ್ಸ್‌ನ ಅದೇ ಎ-ಬಾಡಿ ಬಳಗದವು. ಬ್ರ್ಯಾಕೆಟ್, ಡ್ಯಾಶ್, ಗಾಳಿ ನಾಳಗಳು ಬೇರೆಬೇರೆಯಾದರೂ ಕೆಲಸದ ತತ್ವ ಒಂದೇ.

ಕಾರಿಗೆ ಮೊದಲಿಂದಲೇ ಎಸಿ ಇತ್ತೇ?

ಶೆವೆಲ್‌ನಲ್ಲಿ ಕಾರ್ಖಾನೆಯ ಎಸಿಗೆ ಆರ್ಡರ್ ಕೋಡ್ ಸಿ60, ಹೆಸರು 'ಫೋರ್ ಸೀಸನ್'. ಎಸಿ ಇದ್ದ ಕಾರಿನ ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ತೂತುಗಳು, ಬಲಬದಿಯ ಒಳಮಡ್‌ಗಾರ್ಡ್, ಡ್ಯಾಶಿನ ಜಾಲರಿಗಳು ಇವೆಲ್ಲ ಎಸಿ ಇಲ್ಲದ ಕಾರಿಗಿಂತ ಬೇರೆ. ಹಾಗಾಗಿ ಬರೀ ಹೀಟರ್ ಇದ್ದ ಕಾರಿಗೆ ಸಿ60 ಸಾಮಾನು ಕೂರಿಸಲು ಹೊರಟರೆ ಇನ್ನೊಂದು ಕಾರನ್ನೇ ಬಿಚ್ಚಿ ತಂದಷ್ಟು ಬಿಡಿಭಾಗ ಬೇಕಾಗುತ್ತದೆ. 1970ರ ಕಾರು ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು: 454 ಘನ ಇಂಚಿನ ಎಂಜಿನ್ನಿನ ಎಲ್‌ಎಸ್5 ಮಾದರಿಗೆ ಎಸಿ ಸಿಗುತ್ತಿತ್ತು, ಎಲ್‌ಎಸ್6ಗೆ ಸಿಗುತ್ತಿರಲಿಲ್ಲ. 'ಅಸಲಿ ಎಲ್‌ಎಸ್6' ಎಂದು ಮಾರುವ ಕಾರಿನ ಫೈರ್‌ವಾಲ್ ಎಸಿಯದ್ದಾಗಿದ್ದರೆ ದಾಖಲೆ ಕೇಳಿ ನೋಡದೆ ಮುಂಗಡ ಕೊಡಬೇಡಿ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಸಿ60 ಕಾರಾದರೆ ಮೂಲ ವ್ಯವಸ್ಥೆಯನ್ನೇ ಉಳಿಸಿ, ಚೆನ್ನಾಗಿ ಕಟ್ಟಿದರೆ ಅದರಷ್ಟು ತಣಿಸುವ ಶಕ್ತಿ ಇಂದಿನ ಅನೇಕ ಕಿಟ್‌ಗಳಿಗಿಲ್ಲ. ಎಸಿ ಇಲ್ಲದ ಕಾರಾದರೆ ವಿಂಟೇಜ್ ಏರ್, ಕ್ಲಾಸಿಕ್ ಆಟೊ ಏರ್ ಇಂಥವರ ಕಿಟ್ ಹಾಕಿ. ಸಣ್ಣ ಸ್ಯಾಂಡನ್ ಕಂಪ್ರೆಸರ್, ಆರ್-134ಎ ಗ್ಯಾಸ್, ಹೊಸ ಹೋಸ್‌ಗಳು, ಎಲ್ಲ ಒಟ್ಟಿಗೆ ಬರುತ್ತವೆ. ಕಿಟ್‌ಗಳು ಬೇಡುವ ಗ್ಯಾಸ್ ಕಡಿಮೆ. ವಿಂಟೇಜ್ ಏರ್ ಹೇಳುವುದು 1.8 ಪೌಂಡ್, ಅಂದರೆ ಸುಮಾರು 816 ಗ್ರಾಂ. ಅದಕ್ಕಿಂತ ಹೆಚ್ಚು ತುಂಬಿದರೆ ತಂಪು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಮುಂದೆ ಬರುವ ಬಾಡಿ ಕೆಲಸ, ಶಾಖ ತಡೆ, ವ್ಯಾಕ್ಯೂಮ್ ಹಂತಗಳು ಎರಡೂ ಬಗೆಯ ಕಾರಿಗೆ ಅನ್ವಯಿಸುತ್ತವೆ. ಕಂಪ್ರೆಸರ್ ಮತ್ತು ಪಿಒಎ ವಾಲ್ವ್ (ಇವ್ಯಾಪೊರೇಟರಿನ ಒತ್ತಡ ಕಾಯುವ ವಾಲ್ವ್) ವಿಚಾರ ಸಿ60ಗೆ ಮಾತ್ರ.

ತಗಡು, ಬಾಗಿಲು, ಬೀಡಿಂಗ್

ಮೇಲ್ಛಾವಣಿ ಇಲ್ಲದ ಬಾಡಿಗೆ ತಿರುಚುವ ಗುಣ ಹೆಚ್ಚು. ಅದಕ್ಕೇ ಎ-ಬಾಡಿ ಕನ್ವರ್ಟಿಬಲ್‌ಗಳಿಗೆ ನಾಲ್ಕೂ ಬದಿ ಮುಚ್ಚಿದ, ಪೆಟ್ಟಿಗೆಯಂಥ ಫ್ರೇಮ್ ಕೊಟ್ಟಿದ್ದರು. ತುಕ್ಕು ಹಿಡಿದ ಫ್ಲೋರ್ ಪ್ಯಾನ್ ಕತ್ತರಿಸುವ ಮೊದಲು ಎರಡೂ ಬಾಗಿಲಿನ ಜಾಗದಲ್ಲಿ ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ 1 ಇಂಚಿನ ಚೌಕ ಪೈಪನ್ನು ಅಡ್ಡಲಾಗಿ ವೆಲ್ಡ್ ಮಾಡಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ. ಈ ಆಧಾರವಿಲ್ಲದೆ ಕತ್ತರಿಸಿದ ಬಾಡಿ ನಡುವೆ ಕುಸಿಯುತ್ತದೆ. ಆಮೇಲೆ ಬಾಗಿಲಿನ ಮೇಲಂಚಿನ ಸಂದಿ ಕಿರಿದಾಗಿ, ಗಾಜು ಯಾವತ್ತೂ ಬೀಡಿಂಗ್‌ಗೆ ಸಮನಾಗಿ ಕೂರುವುದಿಲ್ಲ. ಎಸಿಯ ಅರ್ಧ ಸೋಲು ಅಲ್ಲಿಂದಲೇ ಶುರು.

ಬಾಡಿ ಮತ್ತು ಫ್ರೇಮ್ ನಡುವಿನ ಬುಷ್‌ಗಳನ್ನು ಹೊಸದಾಗಿ ಹಾಕಿ, ಎಂಜಿನ್ ಕೂರಿಸಿ, ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಬಾಗಿಲ ಸಂದಿಗಳನ್ನು ಹೊಂದಿಸಿ. ಜ್ಯಾಕ್ ಮೇಲೆ ಹೊಂದಿಸಿದ ಬಾಗಿಲು ನೆಲಕ್ಕಿಳಿದಾಗ ಬೇರೆಯಾಗಿರುತ್ತದೆ. ನಂತರದ ಕ್ರಮ ಹೀಗೆ: ಟಾಪಿನ ಚೌಕಟ್ಟು ವಿಂಡ್‌ಶೀಲ್ಡ್ ಮೇಲಂಚಿನಲ್ಲಿ ಸರಿಯಾಗಿ ಲಾಕ್ ಆಗಬೇಕು, ಆಮೇಲೆ ಪಕ್ಕದ ಹಳಿಗಳು, ಅವುಗಳ ಬೀಡಿಂಗ್, ಕಟ್ಟಕಡೆಗೆ ಗಾಜಿನ ಎತ್ತರ ಮತ್ತು ಒಳವಾಲು. ಗಾಜು ಮೊದಲು ಹೊಂದಿಸಿ ಟಾಪ್ ಆಮೇಲೆ ಕಟ್ಟಿದವರು ಎರಡು ಸಲ ಕೆಲಸ ಮಾಡುತ್ತಾರೆ. ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಗಾಜು ಮತ್ತು ರಬ್ಬರಿನ ನಡುವೆ ಇಟ್ಟು ಎಳೆದಾಗ ಎಲ್ಲ ಕಡೆ ಒಂದೇ ಬಿಗಿಯಲ್ಲಿ ಜಾರಬೇಕು. ಸುಲಭವಾಗಿ ಬಂದ ಜಾಗದಲ್ಲೇ ಬಿಸಿಗಾಳಿಯೂ ಮಳೆನೀರೂ ಒಳಬರುತ್ತವೆ.

ಹಿಂದುಗಡೆ, ಟಾಪ್ ಮಡಚಿ ಕೂರುವ ಗುಂಡಿಗೂ ಡಿಕ್ಕಿಗೂ ನಡುವೆ ಒಂದು ಪರದೆಯಂಥ ಲೈನರ್ ಇರುತ್ತದೆ. ಹರಿದಿದ್ದರೆ ಡಿಕ್ಕಿಯ ಕಾದ ಗಾಳಿ ನೇರವಾಗಿ ಹಿಂದಿನ ಸೀಟಿಗೆ ಬರುತ್ತದೆ. ಅಗ್ಗದ ಸಾಮಾನು, ಬದಲಿಸಿಬಿಡಿ.

ಶಾಖ ಬರುವ ದಾರಿ ಮುಚ್ಚುವುದು

ತಗಡಿಗೆ ಎಪಾಕ್ಸಿ ಪ್ರೈಮರ್ ಆದ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಬ್ಯೂಟೈಲ್ ಶೀಟ್ ಅಂಟಿಸಿ. ಫ್ಲೋರ್, ಗೇರ್‌ಬಾಕ್ಸ್ ಉಬ್ಬು, ಫೈರ್‌ವಾಲ್ ಒಳಬದಿ ಸೇರಿ 40ರಿಂದ 50 ಚದರ ಅಡಿ ಬೇಕಾಗುತ್ತದೆ. ಬ್ಯೂಟೈಲ್ ತಡೆಯುವುದು ಮುಖ್ಯವಾಗಿ ಅದುರುವಿಕೆಯನ್ನು. ಶಾಖ ತಡೆಯಲು ಅದರ ಮೇಲೆ 6 ಮಿಲಿಮೀಟರಿನ, ನೀರು ಹೀರದ ಫೋಮ್ ಹಾಸಬೇಕು. ಎರಡೂ ಪದರ ತಪ್ಪದೆ ಬೇಕಾದ ಜಾಗ ಗೇರ್‌ಬಾಕ್ಸ್ ಉಬ್ಬು ಮತ್ತು ಮುಂದಿನ ಎರಡೂ ಕಾಲಿಡುವ ಜಾಗ, ಸೈಲೆನ್ಸರ್ ಪೈಪ್ ಹಾದುಹೋಗುವುದು ಅಲ್ಲೇ ಕೆಳಗೆ. ಫ್ಲೋರಿನ ನೀರಿಳಿಯುವ ತೂತುಗಳ ಬಿರಡೆ ಮುಚ್ಚಿಹೋಗದಂತೆ ಕತ್ತರಿಸಿ. ಟಾಪಿನ ಬಟ್ಟೆಯ ಬಣ್ಣ ಆರಿಸುವ ಅವಕಾಶವಿದ್ದರೆ ಬಿಳಿಯದನ್ನು ಆರಿಸಿ. ಬಿಸಿಲಲ್ಲಿ ನಿಂತ ಕಪ್ಪು ಟಾಪಿನ ಒಳಮೈಯನ್ನು ಒಮ್ಮೆ ಮುಟ್ಟಿ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಪೈಪು ಬಿಚ್ಚುವ ಮೊದಲೇ ಮಾಡಬೇಕಾದ ಮೂರು ಪರೀಕ್ಷೆ

ಮೊದಲನೆಯದು ಹೀಟರ್. ಸಿ60 ಕಾರಿನಲ್ಲಿ ವ್ಯಾಕ್ಯೂಮ್‌ನಿಂದ ಮುಚ್ಚುವ ಒಂದು ನೀರಿನ ವಾಲ್ವ್ ಇರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಎಸಿ ಹಾಕಿ, ಹೀಟರ್ ಹೋಸ್ ಒಂದನ್ನು ಹೋಸ್ ಕ್ಲಾಂಪ್‌ನಿಂದ ಒತ್ತಿ ಮುಚ್ಚಿ. ಜಾಲರಿಯ ಗಾಳಿ ಕೆಲವು ನಿಮಿಷಗಳಲ್ಲಿ ಐದಾರು ಡಿಗ್ರಿ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ವಾಲ್ವ್ ಬದಲಿಸಿ, ಬಿಸಿ-ತಂಪು ಬೆರೆಸುವ ಬಾಗಿಲಿನ ಕೇಬಲ್ ಪೂರ್ತಿ ತಂಪಿನ ಕಡೆಗೆ ಬರುತ್ತದೆಯೇ ನೋಡಿ.

ಎರಡನೆಯದು ವ್ಯಾಕ್ಯೂಮ್. ಗಾಳಿ ಎಲ್ಲಿಂದ ಬರಬೇಕೆಂದು ತಿರುಗಿಸುವ ಬಾಗಿಲುಗಳು ಎಂಜಿನ್ನಿನ ವ್ಯಾಕ್ಯೂಮ್‌ನಿಂದಲೇ ನಡೆಯುತ್ತವೆ. ಮಸಲ್ ಕಾರುಗಳಲ್ಲಿ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿಸಿದ್ದರೆ ಐಡಲ್‌ನಲ್ಲಿ 10 ಇಂಚು ಪಾದರಸದಷ್ಟೂ ಸಿಗದಿರಬಹುದು. ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಖಕ್ಕೆ ಬರುತ್ತಿದ್ದ ಗಾಳಿ ಗಾಜಿನ ಕಡೆಗೋ ಕಾಲಿನ ಕಡೆಗೋ ಹೊರಳಿದರೆ ಚೆಕ್ ವಾಲ್ವ್ ಸೋರುತ್ತಿದೆ, ಇಲ್ಲವೇ ಸಂಗ್ರಹ ಡಬ್ಬಿ ತೂತಾಗಿದೆ. ಕೈ ಪಂಪಿನಿಂದ ಒಂದೊಂದೇ ಡಯಾಫ್ರಾಮ್‌ಗೆ ವ್ಯಾಕ್ಯೂಮ್ ಕೊಟ್ಟು ಒಂದು ನಿಮಿಷ ಹಿಡಿಯುತ್ತದೆಯೇ ನೋಡಿ. ಡ್ಯಾಶ್ ಬಿಚ್ಚಿರುವಾಗ ಈ ಕೆಲಸ ಹತ್ತು ನಿಮಿಷದ್ದು, ಜೋಡಿಸಿದ ಮೇಲೆ ಇಡೀ ದಿನದ್ದು.

ಮೂರನೆಯದು ಕಾರ್ಪೆಟ್ಟಿನ ತೇವ. ಮಳೆ ಬಂದಾಗ ಮಾತ್ರ ಒದ್ದೆಯಾದರೆ ವಿಂಡ್‌ಶೀಲ್ಡ್ ಬುಡದ ಕೌಲ್ ಸೋರುತ್ತಿದೆ. ಎಸಿ ಹಾಕಿದಾಗ ಮಾತ್ರವಾದರೆ ಇವ್ಯಾಪೊರೇಟರ್ (ಒಳಗಿನ ಗಾಳಿಯನ್ನು ತಣಿಸುವ ಭಾಗ) ಪೆಟ್ಟಿಗೆಯ ನೀರಿಳಿಯುವ ತೂತು ಕಟ್ಟಿದೆ. ಸಿಹಿ ವಾಸನೆಯ ಅಂಟು ನೀರಾದರೆ ಹೀಟರ್ ಕೋರ್ ಹೋಗಿದೆ. ಮರದಡಿ ನಿಲ್ಲಿಸುತ್ತಿದ್ದ ಕಾರಾದರೆ ಇವ್ಯಾಪೊರೇಟರ್ ಪೆಟ್ಟಿಗೆ ತೆರೆದೇ ನೋಡಬೇಕು. ಒಣಗಿದ ಎಲೆ ಕೌಲ್ ಮೂಲಕ ಬಂದು ಅದರ ರೆಕ್ಕೆಗಳಿಗೆ ಕಂಬಳಿಯಂತೆ ಅಂಟಿಕೊಂಡಿರುತ್ತದೆ.

ಯಾವ ಗ್ಯಾಸ್?

ಈ ಕಾರುಗಳು ಹುಟ್ಟಿದ್ದು ಆರ್-12ಗೆ. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದ ಹಂತಹಂತವಾಗಿ ಕೈಬಿಡಿಸಿತು. ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು. ಹಳೆಯ ದಾಸ್ತಾನು ಈಗಲೂ ಸಿಗುತ್ತದೆ. ಆದರೆ ಕೊಳ್ಳಲು ಅಲ್ಲಿನ ಪರಿಸರ ಸಂಸ್ಥೆಯ 609ನೇ ಸೆಕ್ಷನ್ ಪ್ರಮಾಣಪತ್ರ ಬೇಕು. ವ್ಯವಸ್ಥೆಯಲ್ಲಿ ಉಳಿದಿರುವ ಗ್ಯಾಸನ್ನು ಗಾಳಿಗೆ ಬಿಡುವುದು ಅಪರಾಧ. ಯಂತ್ರವಿರುವ ಅಂಗಡಿಯಲ್ಲಿ ಹೀರಿಸಿದ ಮೇಲೆಯೇ ನಟ್ ಸಡಿಲಿಸಿ.

ಆರ್-134ಎಗೆ ಬದಲಾಯಿಸುವುದೇ ಈಗ ರೂಢಿ. ಬದಲಾಯಿಸಿದಾಗ ಅದರದೇ ಆಕಾರದ ಸರ್ವೀಸ್ ಬಾಯಿ ಮತ್ತು ಬಾನೆಟ್ ಒಳಗೆ ಗುರುತಿನ ಚೀಟಿ ಕಡ್ಡಾಯ. ಕಂಪ್ರೆಸರಿನ ಬೆನ್ನಲ್ಲಿ ಒತ್ತಡ ಬಿಡುವ ವಾಲ್ವ್ ಇರುವುದರಿಂದ, ಒತ್ತಡ ಏರಿದಾಗ ಕಂಪ್ರೆಸರಿನ ಕ್ಲಚ್ ಬಿಡಿಸುವ ಸ್ವಿಚ್ಚೂ ಬೇಕು. ಪ್ರೊಪೇನ್ ಬೆರೆಸಿದ 'ಆರ್-12 ಬದಲಿ' ಡಬ್ಬಿಗಳನ್ನು, ಸೋರಿಕೆ ಮುಚ್ಚುವ ಅಂಟು ಇರುವ ಡಬ್ಬಿಗಳನ್ನು ಹತ್ತಿರಕ್ಕೂ ಸೇರಿಸಬೇಡಿ. ಒಂದಕ್ಕೆ ಬೆಂಕಿಯ ಅಪಾಯ, ಇನ್ನೊಂದು ವಾಲ್ವ್‌ಗಳನ್ನೂ ಅಂಗಡಿಯವರ ಯಂತ್ರವನ್ನೂ ಹಾಳುಮಾಡುತ್ತದೆ.

ಎ6 ಕಂಪ್ರೆಸರ್ ಮತ್ತು ಎಣ್ಣೆ

ಫ್ರಿಜಿಡೇರ್ ತಯಾರಿಸಿದ ಎ6 ಉದ್ದನೆಯ ಉರುಳೆಯಂಥ ಕಂಪ್ರೆಸರ್, ಒಂದು ಸುತ್ತಿಗೆ 12.6 ಘನ ಇಂಚು ತಳ್ಳುತ್ತದೆ. ಗಟ್ಟಿ ಯಂತ್ರ. ಅದರ ದೌರ್ಬಲ್ಯ ಮುಂದಿನ ಶಾಫ್ಟ್ ಸೀಲ್. ತಿಂಗಳುಗಟ್ಟಲೆ ತಿರುಗದೆ ನಿಂತರೆ ಸೀಲ್ ಒಣಗಿ ಸೋರುತ್ತದೆ. ಇಲ್ಲಿ ಒಂದು ದೊಡ್ಡ ಅಪಾಯವಿದೆ. ಆರಂಭದ ವರ್ಷಗಳ ಕಾರುಗಳಲ್ಲಿ ಗ್ಯಾಸ್ ಕಡಿಮೆಯಾದರೆ ಕ್ಲಚ್ ಬಿಡಿಸುವ ಸ್ವಿಚ್ಚೇ ಇರಲಿಲ್ಲ. ಎಣ್ಣೆಯನ್ನು ಕಂಪ್ರೆಸರಿಗೆ ಮರಳಿ ತರುವುದು ಗ್ಯಾಸ್. ಗ್ಯಾಸ್ ಸೋರಿಹೋದ ಮೇಲೂ ಓಡುತ್ತಿದ್ದರೆ ಕಂಪ್ರೆಸರ್ ಒಣಗಿ ಕಚ್ಚಿಕೊಂಡು, ಲೋಹದ ಪುಡಿಯನ್ನು ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತು ಗ್ಯಾಸಿನ ಶಾಖ ಹೊರಹಾಕುವ ಭಾಗ) ತುಂಬ ಚೆಲ್ಲುತ್ತದೆ. ಹಾಗಾಗಿ ಒತ್ತಡ ಸುಮಾರು 30 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್) ಕೆಳಗೆ ಮತ್ತು 400ರ ಆಸುಪಾಸಿನಲ್ಲಿ ಎರಡೂ ಕಡೆ ಕಡಿಯುವ ಬೈನರಿ ಸ್ವಿಚ್ ಒಂದನ್ನು ಹಾಕಿ. ಸಣ್ಣ ಸಾಮಾನು, ಉಳಿಸುವುದು ಇಡೀ ವ್ಯವಸ್ಥೆಯನ್ನು.

ವ್ಯವಸ್ಥೆಗೆ ಬೇಕಾದ ಒಟ್ಟು ಎಣ್ಣೆ ಸುಮಾರು 11 ಔನ್ಸ್. ಆರ್-12 ಆದರೆ 525 ದಪ್ಪದ ಖನಿಜ ಎಣ್ಣೆ. ಆರ್-134ಎ ಆದರೆ ಎಸ್ಟರ್ ಎಣ್ಣೆ, ಅಥವಾ ಕಂಪ್ರೆಸರ್ ರಿಪೇರಿ ಮಾಡಿಕೊಟ್ಟವರು ಹೇಳಿದ ಪಿಎಜಿ ಎಂಬ ಕೃತಕ ಎಣ್ಣೆ. ಹಳೆಯ ಖನಿಜ ಎಣ್ಣೆ ಆರ್-134ಎಯಲ್ಲಿ ಕರಗುವುದಿಲ್ಲ, ಕಂಪ್ರೆಸರಿಗೆ ಮರಳಿ ಬಾರದೆ ಇವ್ಯಾಪೊರೇಟರಿನಲ್ಲೇ ಕೂತುಬಿಡುತ್ತದೆ. ಆದ್ದರಿಂದ ಕಂಡೆನ್ಸರ್, ಇವ್ಯಾಪೊರೇಟರ್, ಲೋಹದ ಪೈಪುಗಳನ್ನು ದ್ರಾವಣ ಹಾಕಿ ತೊಳೆದು ಒಣ ನೈಟ್ರೋಜನ್‌ನಿಂದ ಊದಿ. ಕಂಪ್ರೆಸರ್, ಇವ್ಯಾಪೊರೇಟರಿಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್, ತೇವ ಹೀರುವ ಡ್ರೈಯರ್ ಇವುಗಳೊಳಗೆ ದ್ರಾವಣ ಹೋಗಬಾರದು. ಎಲ್ಲ ತೊಳೆದಿದ್ದರೆ ಎಣ್ಣೆ ಹಂಚಿ: ಇವ್ಯಾಪೊರೇಟರಿಗೆ 3 ಔನ್ಸ್, ಕಂಡೆನ್ಸರಿಗೆ 1, ಡ್ರೈಯರಿಗೆ 1, ಉಳಿದದ್ದು ಕಂಪ್ರೆಸರಿಗೆ. ಹೆಚ್ಚು ಎಣ್ಣೆ ಒಳ್ಳೆಯದೆಂದು ಸುರಿಯಬೇಡಿ. ಇವ್ಯಾಪೊರೇಟರಿನ ಒಳಗೋಡೆಗೆ ಎಣ್ಣೆ ಬಳಿದುಕೊಂಡಷ್ಟೂ ಶಾಖ ದಾಟುವುದು ಕಡಿಮೆ.

ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವಿನ ಸಂದಿ 0.022ರಿಂದ 0.057 ಇಂಚು ಇರಬೇಕು. ಸಂದಿ ದೊಡ್ಡದಾದರೆ ಬಿಸಿಯಾದಾಗ ಕ್ಲಚ್ ಹಿಡಿಯುವುದಿಲ್ಲ. ಕ್ಲಚ್ಚಿಗೆ ಹಳೆಯ ಸ್ವಿಚ್ಚುಗಳ ಮೂಲಕ ಬರುವ ಕರೆಂಟಿನ ಬದಲು ರಿಲೇ ಹಾಕಿ ಬ್ಯಾಟರಿಯಿಂದ ನೇರ ಕೊಟ್ಟರೆ ಈ ತೊಂದರೆ ಬಹುಪಾಲು ಬರುವುದಿಲ್ಲ.

ಪಿಒಎ ವಾಲ್ವ್: ಎಲ್ಲರೂ ಎಡವುವ ಜಾಗ

ಈಗಿನ ಕಾರುಗಳಲ್ಲಿ ಇವ್ಯಾಪೊರೇಟರ್ ಹೆಪ್ಪುಗಟ್ಟದಂತೆ ಕಂಪ್ರೆಸರ್ ಆಗಾಗ ನಿಂತು ಹೊರಡುತ್ತದೆ. ಸಿ60ಯಲ್ಲಿ ಹಾಗಲ್ಲ, ಕಂಪ್ರೆಸರ್ ಬಿಡದೆ ಓಡುತ್ತದೆ. ಇವ್ಯಾಪೊರೇಟರಿನ ಹೊರದಾರಿಯಲ್ಲಿರುವ ಪಿಒಎ ವಾಲ್ವ್, ಒಳಗಿನ ಒತ್ತಡ ಸುಮಾರು 29.5 ಪಿಎಸ್‌ಐಗಿಂತ ಕೆಳಗಿಳಿಯದಂತೆ ತಡೆಯುತ್ತದೆ. ಕಾರಣ ಸರಳ. ಆರ್-12 ಸುಮಾರು 30 ಪಿಎಸ್‌ಐಯಲ್ಲಿ ಕುದಿಯುವುದು 32 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ. ಆರ್-134ಎಗೆ ಅದೇ 32 ಡಿಗ್ರಿ ಬೇಕಾದರೆ ಒತ್ತಡ ಸುಮಾರು 28ಕ್ಕೆ ಇಳಿಯಬೇಕು. ವಾಲ್ವ್ ಹಳೆಯ ಅಳತೆಯಲ್ಲೇ ಇದ್ದರೆ ಇವ್ಯಾಪೊರೇಟರ್ ಎರಡು-ಮೂರು ಡಿಗ್ರಿ ಬೆಚ್ಚಗೇ ಉಳಿಯುತ್ತದೆ. ಅದಕ್ಕೇ ಗ್ಯಾಸ್ ಬದಲಾಯಿಸುವವರು ವಾಲ್ವನ್ನು ಬಿಚ್ಚಿ, ಬೆಂಚಿನ ಮೇಲೆ ಗೇಜ್ ಜೋಡಿಸಿ 26ರಿಂದ 27ಕ್ಕೆ ಹೊಂದಿಸುತ್ತಾರೆ. ಹೊಂದಿಸಿದ ವಾಲ್ವ್‌ಗಳು ಮಾರಾಟಕ್ಕೂ ಸಿಗುತ್ತವೆ. ಪಿಒಎ ತೆಗೆದು ಬರಿಯ ಪೈಪು ಮತ್ತು ಒತ್ತಡದ ಸ್ವಿಚ್ ಹಾಕುವ ದಾರಿಯೂ ಇದೆ. ಆಗ ಕ್ಲಚ್ ಪದೇ ಪದೇ ಕಚ್ಚಿ ಬಿಡುತ್ತದೆ. ಭಾರದ ಎ6 ಪ್ರತಿ ಸಲ ಕಚ್ಚಿದಾಗಲೂ ಐಡಲ್‌ನಲ್ಲಿ ಎಂಜಿನ್ ಜಗ್ಗುವುದರಿಂದ ನಮಗೆ ಮೂಲ ವಾಲ್ವೇ ಹಿತ.

ಪಿಒಎ ಅಳೆಯುವುದು ನಿರಪೇಕ್ಷ ಒತ್ತಡವನ್ನು. ಸಮುದ್ರಮಟ್ಟದಿಂದ ಮೇಲೇರಿದ ಪ್ರತಿ 1,000 ಅಡಿಗೆ ಗೇಜ್ ಸುಮಾರು ಅರ್ಧ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಡೆನ್ವರ್‌ನಲ್ಲಿ ಎರಡೂವರೆ ಹೆಚ್ಚು ಕಂಡರೆ ವಾಲ್ವ್ ಕೆಟ್ಟಿದೆ ಎಂದು ಎಸೆಯಬೇಡಿ.

ಎಕ್ಸ್‌ಪ್ಯಾನ್ಶನ್ ವಾಲ್ವಿನ ತಾಪ ಹಿಡಿಯುವ ಬಲ್ಬ್ ಪೈಪಿಗೆ ಲೋಹಕ್ಕೆ ಲೋಹ ತಾಗಿ, ಕ್ಲಾಂಪ್ ಬಿಗಿದು, ಮೇಲೆ ಕಾರ್ಕ್ ಟೇಪ್ ಸುತ್ತಿರಬೇಕು. ಟೇಪ್ ಬಿಟ್ಟರೆ ಬಲ್ಬ್ ಎಂಜಿನ್ನಿನ ಶಾಖ ಹಿಡಿದು ವಾಲ್ವನ್ನು ಹೆಚ್ಚು ತೆರೆಯುತ್ತದೆ.

ಕಂಡೆನ್ಸರ್ ಮತ್ತು ಫ್ಯಾನ್

ಕಂಡೆನ್ಸರ್ 130 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿದಾಗ ಆರ್-12ರ ಒತ್ತಡ ಸುಮಾರು 181 ಪಿಎಸ್‌ಐ, ಆರ್-134ಎಯದು 199. ಬಿಸಿ ಏರಿದಷ್ಟೂ ಈ ಅಂತರ ಹೆಚ್ಚುತ್ತದೆ. ಆದ್ದರಿಂದ ಆರ್-134ಎಗೆ ಹೋಗುವವರು ಹಳೆಯ ಕೊಳವೆಯ ಕಂಡೆನ್ಸರ್ ಬದಲು ಅದೇ ಬ್ರ್ಯಾಕೆಟ್ಟಿಗೆ ಕೂರುವ ಪ್ಯಾರಲಲ್-ಫ್ಲೋ ಕಂಡೆನ್ಸರ್ ಹಾಕಬೇಕು. ಫ್ಯಾನಿನ ಸುತ್ತ ಶ್ರೌಡ್ (ಗಾಳಿ ಚದುರದಂತೆ ತಡೆಯುವ ಹೊದಿಕೆ) ಇರಲೇಬೇಕು, ಫ್ಯಾನ್ ಎಲೆಯ ಅರ್ಧ ಅದರೊಳಗೆ, ಅರ್ಧ ಹೊರಗೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯ ಪಕ್ಕಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ, ಇಲ್ಲದಿದ್ದರೆ ಫ್ಯಾನ್ ಕಂಡೆನ್ಸರ್ ಬಿಟ್ಟು ಪಕ್ಕದ ಗಾಳಿಯನ್ನೇ ಎಳೆಯುತ್ತದೆ.

ಜೋಡಣೆಯಿಂದ ಗ್ಯಾಸ್‌ವರೆಗೆ

1. ಎಲ್ಲ ಓ-ರಿಂಗ್ ಹೊಸದು, ಆರ್-134ಎಗೆ ಹೊಂದುವ ಎಚ್‌ಎನ್‌ಬಿಆರ್ ರಬ್ಬರಿನದು. ಪ್ರತಿಯೊಂದಕ್ಕೂ ಎಸಿ ಎಣ್ಣೆ ಸವರಿ. ಹೋಸ್‌ಗಳು ಒಳಪದರವಿರುವ ಬ್ಯಾರಿಯರ್ ಬಗೆಯವು. ಹಳೆಯ ರಬ್ಬರಿನಲ್ಲಿ ಆರ್-134ಎ ನಿಧಾನವಾಗಿ ಜಿನುಗಿಹೋಗುತ್ತದೆ.

2. ಎರಡು ಸ್ಪ್ಯಾನರ್ ಹಿಡಿದೇ ಬಿಗಿಸಿ, ಒಂದೇ ಹಿಡಿದರೆ ಪೈಪು ತಿರುಚುತ್ತದೆ. ಅಲ್ಯೂಮಿನಿಯಂ ಅಥವಾ ತಾಮ್ರದ ಪೈಪಿನಲ್ಲಿ 3/8 ಇಂಚಿಗೆ 11–13 ಫುಟ್-ಪೌಂಡ್, 1/2ಕ್ಕೆ 15–20, 5/8ಕ್ಕೆ 21–27, 3/4ಕ್ಕೆ 28–33.

3. ಡ್ರೈಯರನ್ನು ಕಟ್ಟಕಡೆಗೆ ಜೋಡಿಸಿ. ಬಿರಡೆ ತೆಗೆದ ಕ್ಷಣದಿಂದ ಅದು ಗಾಳಿಯ ತೇವ ಹೀರುತ್ತದೆ. ಆರ್-134ಎಗೆ ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಹರಳಿನದು ಬೇಕು.

4. ಒಣ ನೈಟ್ರೋಜನ್ 150 ಪಿಎಸ್‌ಐ ತುಂಬಿ ಕೀಲುಗಳಿಗೆ ಸೋಪುನೀರು ಹಚ್ಚಿ, ಒಂದು ಗಂಟೆ ಬಿಡಿ. ಅಂಗಡಿಯ ಏರ್ ಕಂಪ್ರೆಸರಿನ ಗಾಳಿ ಒಳಗೆ ತೇವ ತುಂಬುತ್ತದೆ. ಆಮ್ಲಜನಕ ಎಣ್ಣೆಯೊಂದಿಗೆ ಸೇರಿದರೆ ಸಿಡಿಯುತ್ತದೆ, ಅದನ್ನಂತೂ ಎಂದಿಗೂ ಬಳಸಬೇಡಿ.

5. ವ್ಯಾಕ್ಯೂಮ್ ಪಂಪ್ ಕನಿಷ್ಠ 45 ನಿಮಿಷ. ಸಮುದ್ರಮಟ್ಟದಲ್ಲಿ 28–29 ಇಂಚು ಬರಬೇಕು, ಪ್ರತಿ 1,000 ಅಡಿ ಎತ್ತರಕ್ಕೆ ಒಂದು ಇಂಚು ಕಡಿಮೆ. ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಮುಳ್ಳು ಅಲುಗಿದರೆ ಗ್ಯಾಸ್ ಹಾಕುವ ಮಾತೇ ಇಲ್ಲ.

6. ಶೆವೆಲ್‌ಗೆ ಆರ್-12 ಅಳತೆ 3 ಪೌಂಡ್ 12 ಔನ್ಸ್. ನಿಮ್ಮ ಕಾರಿನ ಚೀಟಿಯೊಂದಿಗೆ ಹೋಲಿಸಿ ನೋಡಿ. ಆರ್-134ಎ ಅದರ ಶೇಕಡಾ 80, ಅಂದರೆ ಸುಮಾರು 48 ಔನ್ಸ್. ಕಂಡೆನ್ಸರ್ ಬದಲಿಸಿದ್ದರೆ ಇದು ಶುರುವಿನ ಅಂದಾಜು ಮಾತ್ರ. ತಕ್ಕಡಿಯ ಮೇಲಿಟ್ಟೇ ತುಂಬಿ. ಮೊದಲು ಕಂಪ್ರೆಸರಿನ ಮುಂದಿನ ತಟ್ಟೆಯನ್ನು ಕೈಯಿಂದ ಹತ್ತಾರು ಸುತ್ತು ತಿರುಗಿಸಿ, ಒಳಗೆ ಎಣ್ಣೆ ಕಟ್ಟಿದ್ದರೆ ಹೊರಟುಹೋಗುತ್ತದೆ. ಎಂಜಿನ್ ಓಡುವಾಗ ಡಬ್ಬಿ ನೆಟ್ಟಗಿಟ್ಟು ಕಡಿಮೆ ಒತ್ತಡದ ಬದಿಯಿಂದ ಮಾತ್ರ ಆವಿಯಾಗಿ ಬಿಡಿ. ಆಗ ಹೆಚ್ಚು ಒತ್ತಡದ ಬದಿಯ ವಾಲ್ವ್ ತೆರೆದರೆ ಡಬ್ಬಿ ಒಡೆಯಬಹುದು.

7. ಎಂಜಿನ್ 1,500ರಿಂದ 2,000 ಆರ್‌ಪಿಎಂ, ಬ್ಲೋವರ್ ಜೋರು. ಹೆಚ್ಚಿನ ಬದಿಯ ಒತ್ತಡ ಹೊರಗಿನ ಫ್ಯಾರನ್‌ಹೀಟ್ ತಾಪದ 2.2ರಿಂದ 2.5 ಪಟ್ಟು ಇರಬೇಕು. 90 ಡಿಗ್ರಿಯ ದಿನ 200ರಿಂದ 225. ಕಡಿಮೆ ಬದಿಯ ಗೇಜನ್ನು ಪಿಒಎ ಮೇಲಿನ ಬಾಯಿಗೇ ಹಾಕಿ. ಡ್ರೈಯರಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ಹೋಗುವವರೆಗೆ ತುಂಬುವುದು ಆರ್-12ರ ಲೆಕ್ಕ. ಆರ್-134ಎಯಲ್ಲಿ ಹಾಗೆ ಮಾಡಿದರೆ ಗ್ಯಾಸ್ ಹೆಚ್ಚಾಗುತ್ತದೆ.

ಹೆಚ್ಚಿನ ಒತ್ತಡ 325 ದಾಟಿದರೆ ನಿಲ್ಲಿಸಿ. ಕಂಡೆನ್ಸರಿಗೆ ಮೆಲ್ಲಗೆ ನೀರು ಹಾಯಿಸಿ ನೋಡಿ. ಒತ್ತಡ ಥಟ್ಟನೆ ಇಳಿದರೆ ಕೊರತೆ ಗಾಳಿಯದು: ಫ್ಯಾನ್ ಕ್ಲಚ್, ಶ್ರೌಡ್, ಫೋಮ್ ಪಟ್ಟಿ ನೋಡಿ. ಇಳಿಯದಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ವ್ಯವಸ್ಥೆಯೊಳಗೆ ಗಾಳಿ ಸೇರಿದೆ. ಎರಡೂ ಒತ್ತಡ ಕಡಿಮೆಯಿದ್ದರೆ ಗ್ಯಾಸ್ ಸಾಲದು. ಕಡಿಮೆ ಬದಿ 40ರ ಮೇಲೆಯೇ ನಿಂತು ಹೆಚ್ಚಿನ ಬದಿ ಏರದಿದ್ದರೆ ಕಂಪ್ರೆಸರಿನ ಒಳ ವಾಲ್ವ್ ಸೋತಿದೆ. ಓಡಿಸಿದ ಅರ್ಧ ಗಂಟೆಗೆ ಗಾಳಿಯ ರಭಸ ಕುಗ್ಗಿ, ನಿಲ್ಲಿಸಿದ ಮೇಲೆ ಕಾರಿನ ಕೆಳಗೆ ಬಹಳ ನೀರು ಬಿದ್ದರೆ ಇವ್ಯಾಪೊರೇಟರ್ ಹೆಪ್ಪುಗಟ್ಟಿತ್ತು, ಪಿಒಎಯನ್ನು ಅಳತೆಗಿಂತ ಕೆಳಗೆ ಹೊಂದಿಸಲಾಗಿದೆ.

ಟಾಪ್ ಮುಚ್ಚಿ, 'ಮ್ಯಾಕ್ಸ್' ಇಟ್ಟು ಒಳಗಿನ ಗಾಳಿಯನ್ನೇ ಮತ್ತೆ ತಿರುಗಿಸಿದರೆ ಜಾಲರಿಯಲ್ಲಿ 40ರಿಂದ 48 ಡಿಗ್ರಿ ಫ್ಯಾರನ್‌ಹೀಟ್ ಸಿಗಬೇಕು. ಬಿಸಿಲಲ್ಲಿ ನಿಂತಿದ್ದ ಕಾರಾದರೆ ಮೊದಲ ಒಂದೆರಡು ನಿಮಿಷ ಗಾಜು ಇಳಿಸಿ ಓಡಿಸಿ, ಕಾದ ಗಾಳಿ ಹೊರಹೋದ ಮೇಲೆ ಮುಚ್ಚಿ. ಚಳಿಗಾಲದಲ್ಲಿ ಕಾರು ಶೆಡ್ಡಿನಲ್ಲೇ ಇದ್ದರೂ ಎರಡು ವಾರಕ್ಕೊಮ್ಮೆ, ಹೊರಗೆ 50 ಡಿಗ್ರಿ ಫ್ಯಾರನ್‌ಹೀಟ್‌ನ ಮೇಲಿರುವ ದಿನ ನೋಡಿ, ಹತ್ತು ನಿಮಿಷ ಎಸಿ ಓಡಿಸಿ. ಶಾಫ್ಟ್ ಸೀಲಿಗೆ ಎಣ್ಣೆ ತಲುಪುವುದು ಆಗ ಮಾತ್ರ.